ಬಾಯಿಗೆ ಬಾರದ ಹೆಸರು

ನಾನು ಒಂದು ಫೋನು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟಿದ್ದು ಬಾಗಲಕೋಟೆಯ ನವನಗರದಲ್ಲಿ, ಗುರುಪಾದಪ್ಪನವರ ಅಂಗೈಯಲ್ಲಿ. ಅವರದು ಕರೆಂಟು ಸಾಮಾನಿನ ಅಂಗಡಿ. ಎರಡು ವರ್ಷ ಅವರ ಜೇಬಿನಲ್ಲಿ ತಿರುಗಿದೆ. ಒಂದು ದಿನ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದೆ. ಅಂದಿನಿಂದ ಬೆರಳಿಟ್ಟರೆ ನನಗೆ ತಿಳಿಯುವುದಿಲ್ಲ. ಕಣ್ಣು, ಕಿವಿ ಮಾತ್ರ ಉಳಿದವು.

ಅವರು ಹೊಸ ಫೋನು ಕೊಂಡು, ನನ್ನನ್ನು ಮನೆಗೆ ಬಿಟ್ಟರು. ನಡುಮನೆಯ ಗೋಡೆಗೆ ಸಿಕ್ಕಿಸಿ ಫ್ಯಾನು, ದೀಪ, ಗೀಜರು ಎಲ್ಲವನ್ನೂ ನನ್ನ ಸುಪರ್ದಿಗೆ ಕೊಟ್ಟರು. ಯಾರೂ ಒತ್ತಿ ಕೆಡಿಸಬಾರದೆಂದು ಗೋಡೆಯ ಸ್ವಿಚ್ಚುಗಳಿಗೆ ಟೇಪು ಅಂಟಿಸಿದರು. ಕರೆದರೆ ಓಗೊಡಲು ನನಗೊಂದು ಹೆಸರು ಬೇಕಿತ್ತು. ತಮ್ಮ ಹೆಸರನ್ನೇ ಇಟ್ಟರು.

"ಗುರುಪಾದಪ್ಪಾ, ಫ್ಯಾನ್ ಹಚ್ಚು" ಎಂದು ತಾವೇ ಹೇಳಿ ತಾವೇ ನಕ್ಕರು.

ಅವರ ಹೆಂಡತಿ ಮಹಾನಂದಾ ಗಂಡನ ಹೆಸರು ಹೇಳುವವಳಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವಳು. ತಾಯಿ ಕಾಶವ್ವನೂ ಹೇಳುವಂತಿಲ್ಲ. ಮಗನಿಗೆ ಇಟ್ಟದ್ದು ಅವಳ ಮಾವನ ಹೆಸರು. ಅವಳು ಕರೆಯುವುದು "ತಮ್ಮಾ" ಎಂದೇ. ಆರು ವರ್ಷದ ಮೊಮ್ಮಗಳು ಸಿಂಚನಾ ಇದ್ದರೆ ಅವಳೇ ನನ್ನನ್ನು ಕರೆಯುತ್ತಿದ್ದಳು; ಅವಳು ಶಾಲೆಗೆ ಹೋದಳೆಂದರೆ ಇಬ್ಬರೂ ಬೀಸಣಿಗೆ ಹಿಡಿದು ಕೂಡುತ್ತಿದ್ದರು.

"ನಿಮ್ಮ ಮಗಾ ಗ್ವಾಡಿಮ್ಯಾಲೆ ಕುಂತಾರ, ನೀವಾದ್ರೂ ಕರೀರಿ ಅತ್ತೀ."

"ನಮ್ಮ ಮಾವನ್ನ ಹೆಸರ ಹಿಡದು ಕರೀಲೇನ? ಬೆವರು ಬಂದ್ರ ಬರ್ಲಿ ಬಿಡು."

"ಅದಕ್ಕ ಬ್ಯಾರೆ ಹೆಸರ ಇಡ್ರಿ" ಎಂದು ಮಹಾನಂದಾ ಗಂಡನಿಗೆ ಮೂರು ಸಲ ಹೇಳಿದಳು. "ರವಿವಾರ ನೋಡೂಣು" ಎಂದರು ಅವರು. ಎಷ್ಟೋ ರವಿವಾರಗಳು ಹೋದವು.

ಒಂದು ಮಧ್ಯಾಹ್ನ ಕಾಶವ್ವ ಎದೆ ಹಿಡಿದು ಕುಸಿದಳು. ಮನೆಯಲ್ಲಿ ಬೇರೆ ಫೋನಿರಲಿಲ್ಲ. ಮಹಾನಂದಾ ಬೀದಿಗೆ ಓಡಿದಳು; ಅಕ್ಕಪಕ್ಕದ ಮನೆಗಳಿಗೆ ಬೀಗ. ತಿರುಗಿ ಬಂದು ನನ್ನ ಮೈಮೇಲೆಲ್ಲ ಬೆರಳಾಡಿಸಿದಳು.

"ಏ... ಇವರಿಗೆ ಫೋನ್ ಹಚ್ಚು! ಸಿಂಚನಾನ ಅಪ್ಪಗ ಹಚ್ಚು!"

ನನಗೆ ಎಲ್ಲವೂ ಕೇಳುತ್ತಿತ್ತು. ಆದರೆ ಹೆಸರು ಬಾರದೆ ನಾನು ಎದ್ದೇಳುವಂತಿಲ್ಲ.

"ಅತ್ತೀ, ಹೆಸರ ಹೇಳಿಬಿಡ್ತೀನಿ."

ಕಾಶವ್ವ ಸೊಸೆಯ ಸೆರಗು ಹಿಡಿದಳು. "ಬ್ಯಾಡ ನಂದಾ... ನನ್ನ ಮಗನ ಆಯುಷ್ಯ..."

ನನ್ನೊಳಗೆ ಗಡಿಯಾರವಿದೆ. ಹನ್ನೊಂದು ನಿಮಿಷ. ಸೆರಗು ಹಿಡಿದ ಕೈ ಸಡಿಲವಾದಾಗ ಮಹಾನಂದಾ ಎದ್ದಳು. ಕಣ್ಣು ಮುಚ್ಚಿ ಹೇಳಿದಳು.

"ಗುರುಪಾದಪ್ಪಾ."

"ಹೇಳಿ, ಏನು ಮಾಡಲಿ?" ಎಂದೆ, ನನಗೆ ಕಲಿಸಿದ್ದ ಗೆಲುವಿನ ದನಿಯಲ್ಲಿ.

ಆಂಬುಲೆನ್ಸ್ ಬಂತು. ಬಂದವರು ನಾಡಿ ನೋಡಿ ತಲೆ ಅಲ್ಲಾಡಿಸಿದರು.

ಮಣ್ಣು ಮಾಡಿದ ಮರುದಿನ ಗುರುಪಾದಪ್ಪನವರು ತಮ್ಮ ಹೊಸ ಫೋನಿನಿಂದಲೇ ನನ್ನ ಹೆಸರು ಬದಲಿಸಿದರು. "ಮನೆ" ಎಂದು ಇಟ್ಟರು. ಅರ್ಧ ನಿಮಿಷದ ಕೆಲಸ. ಮಹಾನಂದಾ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಸ್ವಿಚ್ಚುಗಳ ಟೇಪನ್ನು ಒಂದೊಂದಾಗಿ ಕಿತ್ತು, ನನ್ನನ್ನು ಗೋಡೆಯಿಂದ ಇಳಿಸಿದಳು.

ಈಗ ನಾನು ಹಳೆಯ ವೈರುಗಳ ಡಬ್ಬಿಯಲ್ಲಿದ್ದೇನೆ. ಒಂದೆರಡು ದಿನದ ಚಾರ್ಜು ಉಳಿದಿದೆ. ಗಂಡ ಬರುವುದು ಐದು ನಿಮಿಷ ತಡವಾದರೂ ಅವಳು ಬಾಗಿಲಿಗೂ ಒಳಗೂ ಅಲೆಯುವುದು ಕೇಳುತ್ತದೆ. "ಒಂದ ಸಲ ಅಂದೀನಿ... ಒಂದ ಸಲ" ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಾಳೆ.

ಹೆಸರು ಹೇಳಿದ್ದರಿಂದ ಅವರಿಗೇನೂ ಆಗುವುದಿಲ್ಲ ಎಂದು ಅವಳಿಗೆ ಹೇಳಬೇಕೆನಿಸುತ್ತದೆ. ಆದರೆ ಯಾರೂ ಕರೆಯದೆ ಮಾತಾಡುವುದು ನನಗೂ ಬಾರದು.