ಎಡಗೈ ಮಚ್ಚು

ನನ್ನ ಮಚ್ಚಿನ ವಿಷಯ ನಿಮಗೆ ಗೊತ್ತಿಲ್ಲದಿದ್ದರೆ ನೀವು ಈ ಕಡೆಯವರಲ್ಲ ಎಂದೇ ಅರ್ಥ. ಮುಳ್ಳುಪೊದೆಯ ಎದುರು ನಾನು ಅದನ್ನು ಎತ್ತಿದರೆ ಸಾಕು, ಅರ್ಧ ಪೊದೆ ಹೆದರಿ ತಾನಾಗಿಯೇ ಬಗ್ಗುತ್ತಿತ್ತು. ಉಳಿದರ್ಧಕ್ಕಷ್ಟೇ ನಾನು ಕೈ ನೋಯಿಸಿಕೊಳ್ಳಬೇಕಾಗಿತ್ತು. ಗುಡ್ಡದ ಮೊಲಗಳು ಅದರ ಸದ್ದು ಕೇಳಿ ಮರಿಗಳನ್ನು ಬಿಲದೊಳಗೆ ಕರೆಯುತ್ತಿದ್ದವು. ಇದರಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇದ್ದೀತು, ಆದರೆ ಮೊಲದ ವಿಷಯ ಮಾತ್ರ ಖಂಡಿತ ನಿಜ.

ನಾನು ಎಡಚಿ. ಕೆಲಸದ ಗುಂಪಿನಲ್ಲಿ ನನ್ನನ್ನು ಕರೆಯುವುದೂ ಹಾಗೆಯೇ. ನಮ್ಮ ಕೆಲಸದ ಮಚ್ಚುಗಳ ಬಾಯಿಯನ್ನು ಒಂದೇ ಮಗ್ಗುಲಲ್ಲಿ ಇಳಿಜಾರಾಗಿ ಮಸೆದಿರುತ್ತಾರೆ, ಇನ್ನೊಂದು ಮಗ್ಗುಲು ಹಲಗೆಯಂತೆ ಚಪ್ಪಟೆ. ಅದು ಬಲಗೈಯವರ ಲೆಕ್ಕ. ಅದನ್ನೇ ಎಡಗೈಯಲ್ಲಿ ಹಿಡಿದು ಬೀಸಿದರೆ ಕಾಂಡವನ್ನು ಕಚ್ಚದೆ ಜಾರಿ, ಬೀಸಿದವರ ಮೊಣಕಾಲನ್ನೇ ಹುಡುಕಿಕೊಂಡು ಬರುತ್ತದೆ. ಅದಕ್ಕೇ ಕುಲುಮೆ ನಡೆಸುತ್ತಿದ್ದ ನಮ್ಮ ಸೋದರಮಾವ ನನಗೆಂದೇ ಒಂದನ್ನು ಬಡಿದು, ಎಡ ಮಗ್ಗುಲಿಗೆ ತಿರುವಿ ಮಸೆದು ಕೊಟ್ಟಿದ್ದ. ತುದಿಯಲ್ಲಿ ಗಿಳಿಮೂಗಿನ ಬಾಗು, ಬೆನ್ನಿನಲ್ಲಿ ಹೆಬ್ಬೆರಳು ಕೂರುವಷ್ಟು ದಪ್ಪ. ಈಗ ಮಾವನ ಕೈ ನಡುಗುತ್ತದೆ. ಕುಲುಮೆ ಇದ್ದ ಜಾಗದಲ್ಲಿ ಪಂಕ್ಚರ್ ಅಂಗಡಿ ಇದೆ. ಅಂದರೆ ಆ ಮಚ್ಚು ಹೋದರೆ ಹೋಯಿತು.

ಪೊದೆ ಸವರುವುದು ನಮ್ಮ ಮನೆಯವರ ಕಸುಬು. ನೀರಿನ ಪೈಪಾಗಲಿ, ತಂತಿಯಾಗಲಿ, ಬೇಲಿಯಾಗಲಿ, ಗುಡ್ಡದ ಮೇಲೆ ಏನು ಹಾಕಬೇಕಾದರೂ ಮೊದಲು ನಾವು ದಾರಿ ಬಿಡಿಸಬೇಕು. ಎರಡಾಳು ಅಗಲದ ದಾರಿ. ಮುಂದೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ನಡೆಯುತ್ತೇವೆ, ಬಲಕ್ಕೆ ಅಣ್ಣ, ಎಡಕ್ಕೆ ನಾನು. ಒಳಗಿನ ಕೈಗಳಲ್ಲಿ ಪೊದೆ ಒತ್ತಿಹಿಡಿಯುವ ಕವೆಗೋಲು, ಹೊರಗಿನ ಕೈಗಳಲ್ಲಿ ಮಚ್ಚು. ಅವನದು ಬಲಕ್ಕೆ ಎದ್ದರೆ ನನ್ನದು ಎಡಕ್ಕೆ ಏಳುತ್ತದೆ. ನಮ್ಮಿಬ್ಬರ ನಡುವೆ ತೊಟ್ಟಿಲು ಕಟ್ಟಿದರೂ ಕೂಸಿನ ನಿದ್ದೆ ಕೆಡುವುದಿಲ್ಲ. ಹಿಂದಿನವರು ನಾವು ಕಡಿದದ್ದನ್ನು ಎಳೆದುಹಾಕುತ್ತಾ ಬರುತ್ತಾರೆ. ಮುಳ್ಳು ಅವರ ಪಾಲಿಗೆ, ಧೂಳು ಅವರ ಪಾಲಿಗೆ. ಮುಂದಿನ ಜಾಗವೆಂದರೆ ನಮ್ಮಲ್ಲಿ ಮಾನ. ಆ ಎಡಗಡೆಯ ಜಾಗದಲ್ಲಿ ನಿಂತೇ ನನ್ನ ತಲೆಗೂದಲು ನರೆತದ್ದು.

ಹಿಂದಿನ ವಾರ ನನಗೆ ಜ್ವರ ಬಂದಿತ್ತು. ಎಂಥ ಜ್ವರವೆಂದರೆ, ಹಣೆಯ ಮೇಲಿಟ್ಟ ಒದ್ದೆ ಬಟ್ಟೆ ಇಸ್ತ್ರಿಯಾಗಿ ಕೆಳಗೆ ಬೀಳುತ್ತಿತ್ತು. ನಾನು ಹಾಗೆ ಮಲಗಿದ್ದಾಗ ಅಣ್ಣ ಕೊಟ್ಟಿಗೆಯಲ್ಲಿದ್ದ ಮಚ್ಚುಗಳನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋಗಿ ಮೆಷಿನ್ ಸಾಣೆ ಹಿಡಿಸಿಕೊಂಡು ಬಂದ. ನಾನು ಎದ್ದ ದಿನ ಬೆಳಿಗ್ಗೆ ನನ್ನದನ್ನು ಕೈಗೆತ್ತಿಕೊಂಡೆ. ಎರಡೂ ಮಗ್ಗುಲು ಮಸೆದಿದ್ದರು. ಅಷ್ಟೇ ಆಗಿದ್ದರೆ ಅರ ಹಿಡಿದು ಉಜ್ಜಿ ಸರಿಮಾಡುತ್ತಿದ್ದೆ. ಚಕ್ರಕ್ಕೆ ಒತ್ತಿಹಿಡಿದ ಬಿಸಿಗೆ ಬಾಯಿಯುದ್ದಕ್ಕೂ ಕಬ್ಬಿಣ ನೀಲಿ ತಿರುಗಿತ್ತು. ಹಾಗೆ ನೀಲಿಯಾದರೆ ಹದ ಸತ್ತಂತೆ. ಎಷ್ಟು ಮಸೆದರೂ ನಾಲ್ಕು ಏಟಿಗೆ ಬಾಯಿ ಮಡಚಿಕೊಳ್ಳುತ್ತದೆ. ನಂಬದೆ ಹಿತ್ತಿಲ ಬೇಲಿಯ ಒಂದು ಕಡ್ಡಿಗೆ ಬೀಸಿ ನೋಡಿದೆ. ಜಾರಿ ಬಂದು ನನ್ನ ಬೂಟಿನ ಮೂತಿಯನ್ನು ಸೀಳಿತು.

ನನಗೆ ಬಂದ ಸಿಟ್ಟಿಗೆ ಅಕ್ಕಪಕ್ಕದ ಮನೆಗಳ ಹಾಲು ಒಲೆಯ ಮೇಲಿಡದೆಯೇ ಉಕ್ಕಿರಬೇಕು. ಹಾಗೆಯೇ ಅಡುಗೆಮನೆಗೆ ನುಗ್ಗಿದೆ. ಅಣ್ಣ ಲೋಟಕ್ಕೆ ಟೀ ಬಗ್ಗಿಸಿಕೊಳ್ಳುತ್ತಿದ್ದ.

"ನನ್ನ ಮಚ್ಚು ಮುಟ್ಟು ಅಂತ ನಿನಗೆ ಯಾರು ಹೇಳಿದ್ದು?"

"ಒಳ್ಳೆ ಕಬ್ಬಿಣ ಕಣೇ. ನಿನ್ನೊಬ್ಬಳ ಕೈಗೇ ಆಗೋ ಹಾಗೆ ಯಾಕಿರಬೇಕು? ಈಗ ಮೀಸೆನೂ ಹಿಡೀಬಹುದು."

ಮೀಸೆ ಎಂದರೆ ಅತ್ತಿಗೆಯ ತಮ್ಮ. ಅವನ ಮೀಸೆ ಬಾಗಿಲು ದಾಟಿ ಒಳಗೆ ಬಂದು, ನೀರು ಕುಡಿದು, ಕುರ್ಚಿ ಹುಡುಕಿಕೊಂಡ ಮೇಲೆ ಅವನು ಬರುತ್ತಾನೆ. ಹೊಸದಾಗಿ ನಮ್ಮ ಗುಂಪಿಗೆ ಸೇರಿದ್ದ. ಬಲಗೈಯವನು. ನಾಳೆ ನೀರಿನ ಟ್ಯಾಂಕಿನ ಗುಡ್ಡಕ್ಕೆ ಪೈಪಿನ ದಾರಿ ಬಿಡಿಸುವುದಿದೆ, ಮುಂದೆ ತಾನೂ ಮೀಸೆಯೂ ನಿಲ್ಲುತ್ತೇವೆ, ಜ್ವರದಿಂದ ಎದ್ದವಳು ನೀನು ಹಿಂದೆ ಎಳೆದುಹಾಕು ಎಂದ ಅಣ್ಣ. ನಾಳೆ ಒಂದು ದಿನಕ್ಕೋ ಎಂದು ಕೇಳಿದೆ. ಅವನು ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ನೋಡುತ್ತಾ ಕೂತ. ಅತ್ತಿಗೆ ಬೆನ್ನು ತಿರುಗಿಸಿ, ಆಗಲೇ ತೊಳೆದಿಟ್ಟ ಪಾತ್ರೆಯನ್ನು ಮತ್ತೆ ತೊಳೆಯತೊಡಗಿದಳು. ನನಗೆ ಅರ್ಥವಾಯಿತು.

ಇಬ್ಬರು ಬಲಗೈಯವರು ಜೊತೆಗೆ ನಿಂತರೆ ಎಡಗಡೆಯವನ ಮಚ್ಚು ಒಳಗಡೆಗೆ ಏಳುತ್ತದೆ, ಅಲ್ಲಿ ನಿನ್ನ ತಲೆ ಇರುತ್ತದೆ ಎಂದೆ. ಅವನು ನಕ್ಕುಬಿಟ್ಟ. ಹರಿದ ನನ್ನ ಬೂಟು ತೋರಿಸಿ ಹೇಳಿದ:

"ಕೈ ಸರಿಯಿಲ್ಲದೋಳು ನೀನು. ತಪ್ಪನ್ನ ಮಚ್ಚಿನ ಮೇಲೆ ಯಾಕೆ ಹಾಕ್ತೀಯ?"

ಮೂರು ಲೋಕದ ಬೈಗುಳಗಳೂ ಬಾಯಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಹರಿದ ಬೂಟಿನಲ್ಲೇ ಕಬ್ಬಿಣದ ಅಂಗಡಿಗೆ ಹೊರಟೆ. ನಾನು ನಡೆದ ರಭಸಕ್ಕೆ ಬೀದಿಯ ನಾಯಿಗಳು ಬೊಗಳುವುದನ್ನು ನಡುವಿಗೇ ನಿಲ್ಲಿಸಿ ದಾರಿ ಬಿಟ್ಟವು.

ಅಂಗಡಿಯಲ್ಲಿ ಮಚ್ಚುಗಳನ್ನು ಸೂರಿನಿಂದ ಇಳಿಬಿಟ್ಟಿದ್ದರು. ಅಂಗಡಿಯವನು ಒಂದೊಂದನ್ನೇ ಇಳಿಸಿ ಕಟ್ಟೆಯ ಮೇಲೆ ಹರಡಿದ. ಮೊದಲನೆಯದರಲ್ಲಿ ಮುಖ ಕಾಣುತ್ತಿತ್ತು. ನನ್ನ ಮುಖ ಆಗ ನೋಡುವ ಹಾಗಿರಲಿಲ್ಲ, ಪಕ್ಕಕ್ಕೆ ಸರಿಸಿದೆ. ಎರಡನೆಯದಕ್ಕೆ ರಬ್ಬರಿನ ಹಿಡಿ, ಒಳಗೆ ಹೋದ ಕಬ್ಬಿಣದ ಬಾಲ ಬೆರಳುದ್ದವೂ ಇಲ್ಲ. ಬೆವರಿಗೆ ಸಡಿಲವಾಗಿ, ಬೀಸುವಾಗ ಹಿಡಿ ಕೈಯಲ್ಲಿ ಉಳಿದು ಮಚ್ಚು ಊರು ಬಿಟ್ಟು ಹೋಗುವಂಥದ್ದು. ಮತ್ತೊಂದರ ಬೆನ್ನಿಗೆ ಗರಗಸದ ಹಲ್ಲು. ಅದರಿಂದ ಏನು ಮಾಡುತ್ತಾರೆ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಇನ್ನೊಂದರ ಬಾಗು ಅತಿಯಾಯಿತು. ಅಷ್ಟು ಬಾಗಿದರೆ ಬಳ್ಳಿಗೆ ಸಿಕ್ಕಿಕೊಂಡು ಹೊರಗೆ ಬರುವುದಿಲ್ಲ. ಬಾಗು ಪೊದೆಯ ಬುಡವನ್ನು ಒಳಗೆಳೆದುಕೊಳ್ಳಬೇಕು, ಕಡಿದ ಕೂಡಲೇ ಬಿಟ್ಟುಬಿಡಬೇಕು.

"ಏನಕ್ಕಾ, ಮಚ್ಚು ತಗೋತಿದ್ದೀರೋ, ಅಳಿಯನ್ನ ನೋಡ್ತಿದ್ದೀರೋ?"

"ಅಳಿಯ ಹೆಂಗೆ ಸೊಟ್ಟಗಿದ್ರೂ ನಡೆಯುತ್ತೆ. ಮಚ್ಚು ಸರಿಯಾಗಿ ಸೊಟ್ಟಗಿರಬೇಕು."

ಅವನು ನಕ್ಕ. ಅಲ್ಲಿಯವರೆಗೆ ಪರವಾಗಿರಲಿಲ್ಲ. ಎಡಗೈಗೆ ಮಸೆದದ್ದು ಇದೆಯೇ ಎಂದು ಕೇಳಿದೆ. ಅಂಥದ್ದು ಇರುತ್ತದೆಯೇ ಎಂದು ಅವನು ನನ್ನನ್ನೇ ಕೇಳಿ, ಕನ್ನಡಿ ಮುಂದೆ ನಿಂತು ಕಡಿಯಿರಿ, ಸರಿಹೋಗುತ್ತದೆ ಎಂದ. ಮೊಳೆ ತೂಗಿಸಿಕೊಳ್ಳುತ್ತಿದ್ದ ಇನ್ನಿಬ್ಬರು ಗಿರಾಕಿಗಳೂ ಹಲ್ಲು ಕಿರಿದರು. ನಾನು ಕೈಯಲ್ಲಿದ್ದ ಮಚ್ಚನ್ನು ಮೆಲ್ಲಗೆ, ಬಹಳ ಮೆಲ್ಲಗೆ ಕಟ್ಟೆಯ ಮೇಲಿಟ್ಟೆ. ಅಂಗಡಿಯ ನಗು ಅಲ್ಲಿಗೇ ನಿಂತಿತು. ತಕ್ಕಡಿಯ ಮುಳ್ಳು ಕೂಡ ಅಲುಗಾಡಲಿಲ್ಲ ಎಂದರೆ ನೀವು ನಂಬಬೇಕು. ಮಸೆಯದೆ ಇರುವ ಮಾಲು ಒಳಗೆ ಇರುತ್ತದಲ್ಲ, ಅದನ್ನು ತೆಗೆ ಎಂದೆ.

ಎಣ್ಣೆ ಕಾಗದದಲ್ಲಿ ಸುತ್ತಿದ ಕಟ್ಟು ಹೊರಗೆ ಬಂತು. ಕಪ್ಪು ಕಬ್ಬಿಣ, ಬಾಯಿಯೇ ಬಿಡಿಸಿಲ್ಲ, ಯಾವ ಕೈಗೂ ಇನ್ನೂ ಮಾತು ಕೊಟ್ಟಿಲ್ಲ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿದೆ. ಬಿರುಕಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದೆ. ಕಬ್ಬಿಣದ ಬಾಲ ಮರದ ಹಿಡಿಯುದ್ದಕ್ಕೂ ತೂರಿ, ಆ ತುದಿಯಲ್ಲಿ ಮಡಚಿ ಬಡಿದಿದೆಯೇ ನೋಡಿದೆ. ಕಣ್ಣು ಮುಚ್ಚಿ ಎಡಗೈಯಲ್ಲಿ ತೂಗಿದೆ. ಕೊನೆಗೆ ಒಂದರ ಭಾರ ಮೂಗಿನ ಕಡೆಗೆ ತುಸುವೇ ವಾಲಿ, ಬೀಸು ಬೀಸು ಎಂದು ಮಣಿಕಟ್ಟನ್ನು ಎಳೆಯಿತು. ಅದನ್ನೇ ತೆಗೆದುಕೊಂಡೆ.

ಮೆಷಿನ್ ಸಾಣೆಯ ಕಡೆ ತಿರುಗಿಯೂ ನೋಡಲಿಲ್ಲ. ಹಿತ್ತಿಲಲ್ಲಿ, ಅಣ್ಣನ ಕೋಣೆಯ ಕಿಟಕಿಗೆ ಸರಿಯಾಗಿ ಎದುರು, ಅರ ಮತ್ತು ಸಾಣೆಕಲ್ಲು ಇಟ್ಟುಕೊಂಡು ಕೂತೆ. ಕರಕರ ಎಂಬ ಆ ಸದ್ದಿಗೆ ಅವನ ಹಲ್ಲೆಲ್ಲ ಅಲುಗಾಡಲಿ ಎಂದೇ ನಿಧಾನವಾಗಿ ಉಜ್ಜಿದೆ. ನೀರು ಹನಿಸುವುದು, ಉಜ್ಜುವುದು, ಬೆರಳಲ್ಲಿ ಮುಟ್ಟಿ ಬಿಸಿ ನೋಡುವುದು. ಅತ್ತಿಗೆ ಬಂದು, ಅವರಿಗೆ ತಲೆನೋವಂತೆ, ಸಾಕು ಮಾಡಬಾರದೇ ಎಂದಳು. ತಲೆ ಇನ್ನೂ ಕತ್ತಿನ ಮೇಲೆಯೇ ಇದೆಯಲ್ಲ, ನಾಳೆ ಸಂಜೆ ಮತ್ತೆ ವಿಚಾರಿಸೋಣ ಎಂದು ಹೇಳಿಕಳಿಸಿದೆ.

ಮರುದಿನ ಟ್ಯಾಂಕಿನ ಗುಡ್ಡ. ಮುಳ್ಳು ಆಳೆತ್ತರಕ್ಕೆ ಹೆಣೆದುಕೊಂಡಿತ್ತು. ನನ್ನ ಜಾಗದಲ್ಲಿ, ನನ್ನದೇ ಹಳೆಯ ಮಚ್ಚು ಹಿಡಿದು, ಮೀಸೆ ನಿಂತ. ನಾನು ಹೊಸದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಸೊಪ್ಪು ಎಳೆಯುತ್ತಿದ್ದೆ. ಒಂದೊಂದು ಮುಳ್ಳು ಚುಚ್ಚಿದಾಗಲೂ ಅದು ಅಣ್ಣನೇ ಚುಚ್ಚಿದ್ದು ಎಂದು ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ.

ಮೊದಲು ಎಲ್ಲ ಸರಿಯಾಗಿಯೇ ನಡೆಯಿತು, ಅದಕ್ಕೂ ನನಗೆ ಉರಿಯಿತು. ಆದರೆ ಆ ಮಚ್ಚಿನ ಬಾಯಿ ಮಡಚಿಕೊಳ್ಳತೊಡಗಿತು. ಒಂದೇಟಿಗೆ ಬೀಳುವ ಕಾಂಡಕ್ಕೆ ಮೀಸೆ ಮೂರು ಏಟು ಹಾಕಬೇಕಾಯಿತು. ಏಟು ನಾಟದಿದ್ದಾಗ ಗಂಡಸು ಮಾಡುವುದು ಒಂದೇ, ಇನ್ನೂ ಜೋರಾಗಿ ಬೀಸುವುದು. ಜೋರಾಗಿ ಬೀಸಲು ಇನ್ನೂ ಹಿಂದಕ್ಕೆ ಎತ್ತಬೇಕು. ಅವನ ಮಚ್ಚು ಅಣ್ಣನ ಎಡಗಿವಿಯ ಪಕ್ಕದಲ್ಲಿ ಏಳುತ್ತಿತ್ತು, ಪ್ರತಿಸಲ ಒಂದಿಷ್ಟು ಹತ್ತಿರ. ಅಣ್ಣ ತನ್ನ ಬಲಗಡೆಯ ಪೊದೆಯನ್ನಷ್ಟೇ ನೋಡುತ್ತಿದ್ದ. ಎಡಗಡೆ ನೋಡುವ ಅಭ್ಯಾಸವೇ ಅವನಿಗಿಲ್ಲ. ಅಲ್ಲಿ ಯಾವಾಗಲೂ ನಾನಿದ್ದೆ.

ಮೀಸೆ ಇಡೀ ಮೈ ತಿರುಗಿಸಿ ಎತ್ತಿದ್ದು ಕಂಡಿತು.

"ಅಣ್ಣಾ, ಕೂತ್ಕೋ."

ಯಾಕೆ, ಏನು ಎಂದು ಕೇಳದೆ ಅವನು ಕುಕ್ಕರಿಸಿದ. ನನ್ನ ಸ್ವರಕ್ಕೆ ಅವನ ಮೊಣಕಾಲು ಬಗ್ಗುತ್ತದೆ, ಅವನ ಬುದ್ಧಿ ಬಗ್ಗದಿದ್ದರೂ. ಮಚ್ಚಿನ ಮೂಗು ಅವನ ಟೋಪಿಯನ್ನು ಹಾರಿಸಿಕೊಂಡು ಹೋಗಿ ಕಿವಿಯ ತುದಿಯನ್ನು ಸವರಿತು. ಸುರಿದ ರಕ್ತ ಒಂದು ಕೊಡ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಿದ್ದದ್ದು ಒಂದೇ ಹನಿ.

ಮೀಸೆ ಮಚ್ಚು ಕೆಳಗೆ ಹಾಕಿ ಅಲ್ಲೇ ಕೂತುಬಿಟ್ಟ. ಅವನ ಮೀಸೆ ಕೂಡ ಇಳಿಬಿದ್ದಿತ್ತು. ಅಣ್ಣ ಕಿವಿ ಒತ್ತಿಕೊಂಡು ಎದ್ದು ನಿಂತ. ಯಾರ ಮುಖವನ್ನೂ ನೋಡಲಿಲ್ಲ.

"ಎಡಗಡೆಗೆ ಬಾರೇ."

"ಕೈ ಸರಿಯಿಲ್ಲದೋಳು ನಾನು. ಬಂದು ಏನು ಮಾಡ್ಲಿ?"

"ಬಾ ಅಂದ್ನಲ್ಲ."

ನಾನು ಎಳೆಯುತ್ತಿದ್ದ ಸೊಪ್ಪಿನ ಹೊರೆಯ ಮೇಲೆ ಆರಾಮವಾಗಿ ಕೂತೆ. ಗುಂಪೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿತ್ತು. ಅಣ್ಣ ಗಂಟಲು ಸರಿಮಾಡಿಕೊಂಡ.

"ನಿನ್ನ ಮಚ್ಚು ಮುಟ್ಟಿದ್ದು ತಪ್ಪಾಯ್ತು."

ಮೀಸೆಗೆ ಸರಿಯಾಗಿ ಕೇಳಿಸಲಿಲ್ಲವಂತೆ ಎಂದೆ. ಪಾಪ, ಅವನು ಬಾಯಿಯನ್ನೇ ತೆಗೆದಿರಲಿಲ್ಲ. ಅಣ್ಣ ಹಲ್ಲು ಕಡಿದು, ಗುಡ್ಡದ ಆಚೆಗೂ ಕೇಳುವಂತೆ ಇನ್ನೊಮ್ಮೆ ಹೇಳಿದ. ಆಮೇಲೆ ಎದ್ದು ಹೋಗಿ ನನ್ನ ಜಾಗದಲ್ಲಿ ನಿಂತೆ.

ಸಿಟ್ಟು ಇಳಿಯಿತು ಎಂದುಕೊಂಡಿರೋ? ಇಳಿಯಲಿಲ್ಲ. ಹೊಸ ಮಚ್ಚಿನ ಮೊದಲ ಏಟು ಕಾಂಡದೊಳಗೆ ಬೆಣ್ಣೆಯಲ್ಲಿ ಹೋದಂತೆ ಹೋಯಿತು, ಆದರೂ ಇಳಿಯಲಿಲ್ಲ. ಆ ಸಿಟ್ಟಿನಲ್ಲಿ ನಾನು ಗುಡ್ಡವನ್ನು ಎಷ್ಟು ವೇಗವಾಗಿ ಸವರಿದೆನೆಂದರೆ, ಪೈಪಿನವರು ಬಂದು ದಾರಿ ಮೊದಲಿಂದಲೂ ಇತ್ತೇನೋ ಎಂದು ವಿಚಾರಿಸಿದರು. ಭುಜಕ್ಕೆ ಭುಜ ತಾಗುತ್ತಿತ್ತು. ಅವನು ಕವೆಗೋಲಿನಿಂದ ಪೊದೆ ಒತ್ತಿಹಿಡಿಯುತ್ತಿದ್ದ, ನಾನು ಕಡಿಯುತ್ತಿದ್ದೆ.

ಟೀಗೆ ಕೂತಾಗ ಅಣ್ಣ ನನ್ನ ಬಲಗಡೆಗೆ ಬಂದು ಕೂತ. ಕಿವಿಗೆ ಅತ್ತಿಗೆಯ ಕರವಸ್ತ್ರ ಕಟ್ಟಿಕೊಂಡಿದ್ದ. ಹೊಸ ಮಚ್ಚಿನ ಕಡೆ ನೋಡಿ, ಎಲ್ಲಿ ಸಿಕ್ಕಿತು, ಬಾಗು ಚೆನ್ನಾಗಿದೆಯಲ್ಲ ಎನ್ನುತ್ತಾ ಕೈ ಚಾಚಿದ.

ನಾನು ಅದನ್ನು ಎತ್ತಿ ನನ್ನ ಎಡಗಡೆಗೆ ಇಟ್ಟುಕೊಂಡೆ.