ಸೊಟ್ಟಗೆ ಬಂದ ವಿಮಾನ

ಸೋದರಮಾವ ಪುಂಡಲೀಕಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೋಗಲಿ ಬಿಡು ಎನ್ನುವವರ ಮೇಲೂ ಇದೆ. ಅವರು ಯಾರೂ ಆ ದಿನ ನನ್ನ ಸೀಟಿನಲ್ಲಿ ಕೂತಿರಲಿಲ್ಲ.

ಮಾವನದು ಶಿರಹಟ್ಟಿ ಕಡೆಯ ಬೆಳ್ಳಟ್ಟಿ. ಕೂರಿಗೆ ಹಿಡಿದನೆಂದರೆ ಹೊಲದ ಈ ತುದಿಯಿಂದ ಆ ತುದಿಗೆ ದಾರ ಎಳೆದಂತೆ ಬಿತ್ತುತ್ತಾನೆ, ಸುಳ್ಳು ಹೇಳಬಾರದು. ಆದರೆ ಆ ಒಂದು ಹಮ್ಮಿನಲ್ಲಿ ಲೋಕದಲ್ಲಿರುವುದನ್ನೆಲ್ಲ ನೆಟ್ಟಗೆ, ಸೊಟ್ಟಗೆ ಎಂದು ಎರಡೇ ಪಾಲು ಮಾಡಿಬಿಟ್ಟಿದ್ದ. ಅವನ ಮಗ ವೀರುವನ್ನು ಮದುವೆಯಾಗಲು ಒಲ್ಲೆನೆಂದು ವಿಮಾನ ಹಾರಿಸಲು ಕಲಿತ ದಿನದಿಂದ ನಾನು ಸೊಟ್ಟಗಿನವಳು.

ತಂಗಿ ನೇತ್ರಾಳ ಮದುವೆ ಲಕ್ಷ್ಮೇಶ್ವರದಲ್ಲಿ, ಅಕ್ಕಿಕಾಳು, ಅಂದರೆ ಅಕ್ಷತೆ ಹಾಕುವ ಮುಹೂರ್ತ, ಮಧ್ಯಾಹ್ನಕ್ಕೆ. ಅಕ್ಕಿಕಾಳು ಬೀಳುವಾಗ ಮದುಮಗಳ ಬೆನ್ನ ಹಿಂದೆ ಸೋದರಮಾವ ನಿಂತಿರಬೇಕು. ಅಪ್ಪ ತೀರಿಹೋದ ಮೇಲೆ ನೇತ್ರಾಳಿಗೆ ಆ ಮಾತು ಇನ್ನೂ ದೊಡ್ಡದಾಗಿತ್ತು. ಮಾವನೋ, ಮೊಣಕಾಲು ತೋರಿಸಲು ಬೆಂಗಳೂರಿಗೆ ಬಂದವನು ಅಲ್ಲೇ ಉಳಿದಿದ್ದ. ಮದುವೆಯ ದಿನ ಬೆಳಿಗ್ಗೆ ಹುಬ್ಬಳ್ಳಿಗೆ ಹೊರಡುವ ವಿಮಾನಕ್ಕೆ ನಾನೇ ಕ್ಯಾಪ್ಟನ್. "ನಿಮ್ಮ ಮಾಂವನ್ನ ನಿನ್ನ ಜೋಡಿನ ಕರಕೊಂಡ ಬಾರವಾ," ಎಂದು ಅವ್ವ ನೀಲಗಂಗವ್ವ ಫೋನಿನಲ್ಲಿ ಗೋಗರೆದಳು. ಟಿಕೆಟ್ ನಾನೇ ತೆಗೆಸಿದೆ. ಕಿಟಕಿ ಪಕ್ಕದ ಸೀಟನ್ನೂ ನಾನೇ ಕೊಡಿಸಿದೆ, ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಹುಬ್ಬಳ್ಳಿಯಲ್ಲಿ ಗಾಳಿ ರನ್‌ವೇಗೆ ಅಡ್ಡಲಾಗಿ ಬೀಸುತ್ತಿತ್ತು. ನಮಗೆ ಇಳಿಯಲು ಅನುಮತಿಯಿರುವ ಮಿತಿಯ ಅಂಚಿನಲ್ಲೇ ಇತ್ತು. ಇಂಥ ಗಾಳಿಯಲ್ಲಿ ವಿಮಾನದ ಮೂಗನ್ನು ರನ್‌ವೇ ಕಡೆಗೆ ಇಟ್ಟರೆ ಗಾಳಿ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಅದಕ್ಕೇ ಮೂಗನ್ನು ಗಾಳಿಯ ಕಡೆ ತಿರುಗಿಸಿ ಓರೆಯಾಗಿಯೇ ಬರಬೇಕು. ಚಕ್ರ ನೆಲ ಮುಟ್ಟುವುದಕ್ಕೆ ಸ್ವಲ್ಪ ಮೊದಲು ಕಾಲಿನ ಪೆಡಲ್ ಒತ್ತಿ ನೆಟ್ಟಗೆ ಮಾಡಬೇಕು. ಹಾಗೆ ಬರುವಾಗ, ಮುಂದೆ ಇರಬೇಕಾದ ರನ್‌ವೇ ಕಿಟಕಿಯಲ್ಲಿ ಕೂತವರಿಗೆ ಪಕ್ಕದಲ್ಲಿ ಕಾಣಿಸುತ್ತದೆ.

ಮಾವನಿಗೂ ಕಾಣಿಸಿತು. ಬೆಲ್ಟ್ ಬಿಚ್ಚಿ ಎದ್ದ.

ಗಗನಸಖಿ ಜಾಸ್ಮಿನ ಒಳಗಿನ ಫೋನಿನಲ್ಲಿ ಹೇಳಿದಳು, "ಕ್ಯಾಪ್ಟನ್, ಒಬ್ಬರು ಎದ್ದು ಬಂದು ನಿಮ್ಮ ಬಾಗಿಲು ಬಡಿಯುತ್ತಿದ್ದಾರೆ. ಕೂತುಕೊಳ್ಳುತ್ತಿಲ್ಲ." ಅವಳ ಮಾತಿನ ಹಿಂದೆಯೇ ನನಗೆ ಚೆನ್ನಾಗಿ ಗೊತ್ತಿದ್ದ ದನಿ ಕೇಳಿಸಿತು. "ಸೊಟ್ಟ ಹೊಂಟಾಳ! ಹೊಲಕ್ಕ ಹೊಡಿತಾಳ! ಬಾಗಲಾ ತಗೀರಿ, ಆಕಿಗೆ ನಾ ಹೇಳ್ತೇನಿ!"

ಆ ಗಾಳಿಯಲ್ಲಿ, ಒಬ್ಬ ಮನುಷ್ಯ ನಿಂತಿರುವಾಗ, ಇಳಿಯುವ ಮಾತೇ ಇಲ್ಲ. ಚಕ್ರ ತಾಗಿದ ಏಟಿಗೆ ಅವನೂ ಸಾಯುತ್ತಾನೆ, ಯಾರ ಮೇಲೆ ಬೀಳುತ್ತಾನೋ ಅವರನ್ನೂ ಸಾಯಿಸುತ್ತಾನೆ. ಪಕ್ಕದ ಪೈಲಟ್ ಶಫೀಕನಿಗೆ ಹೇಳಿ, ಇಳಿಯುವುದನ್ನು ಕೈಬಿಟ್ಟು ವಿಮಾನವನ್ನು ಮೇಲಕ್ಕೆತ್ತಿದೆ. ಬಾಗಿಲಾಚೆ ಮಕ್ಕಳು ಅಳುವುದು ಕೇಳುತ್ತಿತ್ತು. ಇನ್ನೊಂದು ಸಲ ಪ್ರಯತ್ನಿಸುವಷ್ಟು ಇಂಧನ ಇತ್ತು. ಅದೂ ತಪ್ಪಿದರೆ ಬೆಂಗಳೂರಿಗೆ ವಾಪಸು. ನೇತ್ರಾಳ ಹಿಂದೆ ನಿಲ್ಲಲು ಯಾರೂ ಇಲ್ಲ.

ವಿಮಾನ ಸ್ಥಿರವಾದ ಮೇಲೆ ಎಲ್ಲರಿಗೂ ಕೇಳುವ ಮೈಕ್ ತೆಗೆದುಕೊಂಡೆ.

"ಮಾಂವಾ, ನಾ ಶಿವರಂಜನಿ. ಕುಂಡ್ರು. ಇಳಿಜಾರ ಹೊಲದಾಗ ಎತ್ತು ಕೆಳಗ ಜಾರತಾವಂತ ನೀ ಕೂರಿಗಿ ಮ್ಯಾಲಿನ ಕಡಿ ಒತ್ತಿ ಹಿಡಿಯೂದಿಲ್ಲೇನು? ಸಾಲು ನೆಟ್ಟಗ ಬೀಳೂದಿಲ್ಲೇನು? ಇದೂ ಹಂಗ ಐತಿ. ಇನ್ನೊಮ್ಮಿ ಎದ್ದಿ ಅಂದ್ರ ಬೆಂಗಳೂರಿಗೆ ಹೊಳ್ಳಿಸ್ತೇನಿ. ಅಕ್ಕಿಕಾಳು ಫೋನಿನಾಗ ನೋಡೀಯಂತ."

ಯಾರೋ ನಕ್ಕರು. ಮಾವ ಕೂತನೆಂದು ಜಾಸ್ಮಿನ ತಿಳಿಸಿದಳು.

ಎರಡನೇ ಸಲವೂ ಅಷ್ಟೇ ಸೊಟ್ಟಗೆ ಬಂದೆ. ಗಾಳಿ ಒಂದೆರಡು ಸಲ ಒದ್ದು ನೋಡಿತು. ನೆಲದ ಹತ್ತಿರ ಮೂಗನ್ನು ನೆಟ್ಟಗೆ ಮಾಡಿ, ಗಾಳಿ ಕಡೆಯ ರೆಕ್ಕೆಯನ್ನು ತುಸು ತಗ್ಗಿಸಿ ಹಿಡಿದೆ. ಆ ಕಡೆಯ ಚಕ್ರ ಮೊದಲು ತಾಗಿತು, ಇನ್ನೊಂದು ಆಮೇಲೆ. ಜನ ಚಪ್ಪಾಳೆ ತಟ್ಟಿದರು.

ಇಳಿಯುವ ಹೊತ್ತಿನಲ್ಲಿ ಎದ್ದು ಬಂದು ಪೈಲಟ್‌ಗಳ ಬಾಗಿಲು ಬಡಿದವನನ್ನು ಭದ್ರತೆಯವರಿಗೆ ಒಪ್ಪಿಸಬೇಕು. ಶಫೀಕ ನನ್ನ ಮುಖ ನೋಡಿ, "ಮೇಡಂ, ಮದುವಿ ಐತಲ್ರಿ ಇವತ್ತ," ಎಂದ. ಬಾಗಿಲು ತೆರೆದು ಹೊರಬಂದೆ. ಮಾವ ಎದುರಿಗೇ ನಿಂತಿದ್ದ. ತಪ್ಪಾಯಿತು ಎಂಬ ಒಂದು ಮಾತು ಬಂದಿದ್ದರೆ ಏನು ಮಾಡುತ್ತಿದ್ದೆನೋ. ಅವನು ಇಳಿಯುತ್ತಿದ್ದ ಜನಕ್ಕೆಲ್ಲ ಕೇಳುವಂತೆ, "ನಮ್ಮ ವೀರೂನ ಕಟಗೊಂಡು ಮನ್ಯಾಗ ಇದ್ದಿದ್ರ ಇಷ್ಟು ಮಂದಿ ಜೀಂವಾ ಕೈಯಾಗ ಹಿಡಕೊಂಡು ಕುಂಡ್ರೂದು ತಪ್ಪತಿತ್ತು," ಎಂದ.

ಭದ್ರತೆಯವರನ್ನು ಕರೆದೆ. ನಿಯಮವೂ ಇತ್ತು, ಸಿಟ್ಟೂ ಇತ್ತು. ಎರಡರಲ್ಲಿ ಯಾವುದು ಮುಂದೆ ನಡೆಯಿತೆಂದು ನಾನು ಯಾರಿಗೂ ಹೇಳಬೇಕಾಗಿಲ್ಲ.

ಲಕ್ಷ್ಮೇಶ್ವರದ ಮದುವೆ ಹಂದರಕ್ಕೆ ಯೂನಿಫಾರ್ಮಿನಲ್ಲೇ ಓಡಿದೆ. ನೇತ್ರಾ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಯಾರು ಬರುತ್ತಾರೆಂದು ನೋಡಿದಳು. ನಡೆದದ್ದನ್ನು ಹೇಳಿದೆ. ಅಕ್ಕಿಕಾಳಿನ ಹೊತ್ತಿಗೆ ನಾನೇ ಅವಳ ಬೆನ್ನಿಗೆ ನಿಲ್ಲಲು ಹೋದರೆ ಅವ್ವ ರಟ್ಟೆ ಹಿಡಿದು ಎಳೆದಳು. "ನೀ ಅಲ್ಲಿ ನಿಂದ್ರಬ್ಯಾಡ. ಮಾಡಿದ್ದು ಸಾಕು." ಜಾಗ ಖಾಲಿ ಇದ್ದಂತೆಯೇ ಅಕ್ಕಿಕಾಳು ಬಿದ್ದವು. ನೇತ್ರಾ ಅಳುತ್ತಲೇ ತಾಳಿ ಕಟ್ಟಿಸಿಕೊಂಡಳು.

ವಿಚಾರಣೆ ಮುಗಿಸಿ ಬಿಟ್ಟ ಮೇಲೆ ಮಾವ ಬಂದದ್ದು ಸಂಜೆ, ಕಡೇ ಪಂಕ್ತಿಗೆ. ಎಲೆಯ ಮುಂದೆ ಕೂತು, ಸುತ್ತ ಸೇರಿದವರಿಗೆ ಕೈಯನ್ನೇ ವಿಮಾನ ಮಾಡಿ ತೋರಿಸುತ್ತಿದ್ದ.

"ಹಿಂಗ, ಪೂರಾ ಸೊಟ್ಟ! ನಾ ಒದರಿದ ಮ್ಯಾಲೇ ಮ್ಯಾಲಕ್ಕೆತ್ತಿ, ಹೊಳ್ಳಿ ಬಂದು ನೆಟ್ಟಗ ಇಳಿಸಿದ್ಲು. ಬೇಕಾದ್ರ ಆಕಿನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಎರಡು ಸಲವೂ ಒಂದೇ ರೀತಿ ಬಂದದ್ದು ಎಂದೆ. ಮಾವ ಹೋಳಿಗೆ ಮುರಿಯುತ್ತ, "ಆತು ಬಿಡ್ರಿ, ಒಪ್ಪಗೊಳ್ಳೂಕಿ ಅಲ್ಲ ಆಕಿ," ಎಂದ. ಅಷ್ಟರಲ್ಲಿ ನೇತ್ರಾ ಹೊಸ ಕಾಲುಂಗುರದಲ್ಲಿ ಮೆಲ್ಲಗೆ ನಡೆದು ಬಂದಳು. ನನ್ನ ಮುಂದೆಯೇ ಹಾದು ಹೋಗಿ ಅವನ ಕಾಲಿಗೆ ಬಿದ್ದಳು.

"ಮಾಂವಾ, ನಮ್ಮಕ್ಕನ ಜೀಂವಾ ಉಳಿಸಿದಿ. ಆಕಿ ನೋಡಿದ್ರ ನಿನ್ನ ಪೊಲೀಸರಿಗೆ ಹಿಡಿದು ಕೊಟ್ಲು."

ಅವನು ಎಡಗೈಯನ್ನು ಅವಳ ತಲೆಯ ಮೇಲಿಟ್ಟು, ನನ್ನ ಮುಖ ನೋಡಿ ನಕ್ಕ.