ತೂಕ ಒಂದು, ಹೆದರಿಕೆ ಸೊನ್ನೆ

ಸೋಮವಾರ ಬೆಳಿಗ್ಗೆ ಹಾಲಿನವನು ಎಂದಿನಂತೆ ಒಂದು ಲೀಟರ್ ಅಳೆದು ಹೋದ. ಇನ್ನು ಮೇಲೆ ಮುಕ್ಕಾಲು ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಅಷ್ಟನ್ನೂ ಕಾಯಿಸಿದೆ.

ಮಗಳು ಮೇನಕಾ ಲೋಟ ಹಿಡಿಯದೆ ಗೋಡೆಗೆ ಒರಗಿ ಕೂತಿದ್ದಳು. ಅವಳಿಗೆ ಐದು ವರ್ಷ. ಕುತ್ತಿಗೆ ಮುಟ್ಟಿದೆ. ಜ್ವರ.

ಅತ್ತೆ ಎಲ್ಲಮ್ಮ ಬಾಗಿಲಲ್ಲಿ ನಿಂತು ನೋಡಿದರು. "ಆ ಕೋಳಿಮರಿ," ಎಂದರು.

ನನ್ನ ಗಂಡ ಮಾರಂಡಹಳ್ಳಿಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದರು. ಶುಕ್ರವಾರ ಪಾಲಕ್ಕೋಡು ರಸ್ತೆಯಲ್ಲಿ ಅವರ ಮೊಪೆಡ್‌ಗೆ ಲಾರಿ ತಾಗಿತು. ಆಸ್ಪತ್ರೆಯವರು ದೇಹ ಕೊಟ್ಟದ್ದು ಶನಿವಾರ. ಶನಿವಾರ ಹೊರಟವರು ಮನೆಯಿಂದ ಇನ್ನೊಬ್ಬರನ್ನು ಕರೆಯುತ್ತಾರೆ ಎಂದು ನಮ್ಮ ಕಡೆ ಚಟ್ಟಕ್ಕೆ ಒಂದು ಕೋಳಿಮರಿ ಕಟ್ಟುತ್ತಾರೆ. ಕಟ್ಟಿದ್ದರು. ಕೆರೆ ಏರಿಯ ಮೇಲೆ ದಾರ ಬಿಚ್ಚಿಕೊಂಡು ಮರಿ ರಾಗಿ ಹೊಲಕ್ಕೆ ಓಡಿತಂತೆ. ಕತ್ತಲಾಗುತ್ತಿತ್ತು, ಯಾರೂ ಹುಡುಕಲಿಲ್ಲ.

ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿದವಳು. ಮರಿಯ ಸುದ್ದಿ ಕೇಳಿದಾಗ ಏನೂ ಅನ್ನಿಸಿರಲಿಲ್ಲ. ಮೂರು ದಿನದಿಂದ ಯಾವುದೂ ಅನ್ನಿಸಿರಲಿಲ್ಲ. ಈಗ ಡಾಕ್ಟರನ್ನು ಕರೆತರಲು ಪಕ್ಕದ ಮನೆಯವರನ್ನು ಓಡಿಸಿದೆ.

ಡಾಕ್ಟರ್ ಬಂದು ಮಾತ್ರೆ ಕೊಟ್ಟರು. ಸಂಜೆವರೆಗೆ ನೋಡೋಣ ಎಂದರು. ಅವರು ಹೋದ ಮೇಲೆ ಅತ್ತೆ ಟಿವಿಯ ಕೆಳಗಿನಿಂದ ಹಳದಿ ಕ್ಯಾಸೆಟ್ಟನ್ನೂ ನೋಟ್‌ಬುಕ್ಕನ್ನೂ ತೆಗೆದು ನನ್ನ ಮುಂದೆ ಇಟ್ಟರು. ಕ್ಯಾಸೆಟ್ಟನ್ನು ಸೆರಗಿನಿಂದ ಹಿಡಿದಿದ್ದರು.

ಅದು ಪುಟ್ಟ ಕಾರುಗಳ ರೇಸಿನ ವಿಡಿಯೋ ಗೇಮ್. ಧರ್ಮಪುರಿಯ ಗೇಮ್ ಅಂಗಡಿಯ ರಾಜಗೋಪಾಲ್ ಅವರಿಂದ ಎರವಲು ತಂದದ್ದು. ಅದರ ಬರಹವೆಲ್ಲ ಜಪಾನಿಯಲ್ಲಿತ್ತು. ಎಂಟು ಓಟಗಾರರು, ಎಲ್ಲ ಹೆಲ್ಮೆಟ್ ಹಾಕಿದ ಪ್ರಾಣಿಗಳು. ಯಾರು, ಎಲ್ಲಿಯವರು, ಯಾರಿಗೂ ತಿಳಿಯದು. ನನ್ನ ಗಂಡ ಒಬ್ಬೊಬ್ಬರನ್ನೂ ಮೂರು ಸುತ್ತು ಓಡಿಸಿ, ಕೈಗಡಿಯಾರ ನೋಡಿ, ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಅಂಕ ಹಾಕಿದರು. ಹಿನ್ನೆಲೆಯನ್ನು ತಾವೇ ಕಟ್ಟಿದರು. ಮೇನಕಾ ಆರಿಸಿಕೊಂಡ ಪ್ರಾಣಿಯ ಪುಟ ಹೀಗಿತ್ತು:

"ಮುಂಗುಸಿ. ಊರು ಪಾಲಮಲೆ. ಇಳಿಜಾರಿನಲ್ಲೇ ಹುಟ್ಟಿದ್ದರಿಂದ ಬ್ರೇಕ್ ಎಂದರೇನೆಂದು ಗೊತ್ತಿಲ್ಲ. ಜಜ್ಜಿದ ಎಣ್ಣೆ ಡಬ್ಬದಿಂದ ಕಾರು ಮಾಡಿಕೊಂಡಳು. ವೇಗ ಆರು. ಹೊರಡುವ ಚುರುಕು ಹತ್ತು. ಹಿಡಿತ ನಾಲ್ಕು. ತೂಕ ಒಂದು. ಹೆದರಿಕೆ ಸೊನ್ನೆ. ಸೂಚನೆ: ಭಾರದವರು ತಾಗಿದರೆ ರಸ್ತೆಯಿಂದಾಚೆ ಬೀಳುತ್ತಾಳೆ."

ತಮಗೆ ಅವರು ಎಮ್ಮೆಯನ್ನು ಇಟ್ಟುಕೊಂಡಿದ್ದರು. ತೂಕ ಹತ್ತು. ಗುರುವಾರ ಸಂಜೆ ಇಬ್ಬರೂ ಆಡುತ್ತಿದ್ದಾಗ ನಾನು ಸೊಪ್ಪು ಬಿಡಿಸುತ್ತಿದ್ದೆ.

"ಲೇ ಮುಂಗುಸಿ, ತಿರುವು ಬಂತು, ಬ್ರೇಕ್ ಇಡೀಲೇ."

"ನೀನ್ ಓಗಪ್ಪಾ. ನಿನ್ನೆಮ್ಮೆ ಸಗಣಿ ಆಕಾಕೆ ನಿಂತೈತೆ."

"ನನ್ನ ಹಿಂದೇನೆ ಬಾ, ಆಗ ಬೀಳಲ್ಲ."

"ಬತ್ತಾ ಇವ್ನಿ ಇರು."

ಆ ಕೊನೆಯ ಮಾತು ಅತ್ತೆಗೂ ನೆನಪಿತ್ತು. "ಅವ್ನಿಂದೇನೆ ಬತ್ತೀನಿ ಅಂತ ಮಗು ಬಾಯಾರೆ ಏಳೈತೆ," ಎಂದರು. "ಆ ಕ್ಯಾಸೆಟ್ನಾಗೆ ಎಸ್ರು ಬೇರೆ ಬರ್ದವ್ನೆ. ಮೊದ್ಲು ಅವಂದು, ಎರಡ್ನೇದು ಮಗಿಂದು. ಮಗೂನೆ ಟಿವೀಲಿ ತೋರ್ಸೈತೆ. ಕೊಟ್ಬುಟ್ಟು ಬಾ. ಇನ್ನೊಬ್ರ ಸಾಮಾನು ಮನೇಲಿದ್ರೆ ಕೊಡಾಕೆ ಅವ್ನೇ ಬತ್ತಾನೆ. ಬಂದ್ರೆ ಒಬ್ನೇ ಓಗಲ್ಲ."

"ಹನ್ನೊಂದು ದಿನ ಹೊಸಿಲು ದಾಟಬೇಡ ಅಂದವರು ನೀವೇ."

"ನಾನೇ ಅಂದೆ. ಓಗು ಅಂತಾನೂ ನಾನೇ ಅಂತಾವ್ನಿ." ಒದ್ದೆ ಬಟ್ಟೆ ಹಿಂಡಿ ಮಗುವಿನ ಹಣೆಗೆ ಹಾಕಿದರು. "ಕೊಡೋವಾಗ ಅವ್ನ ಎಸ್ರೇಳಿ ಕೊಡು. ಅವ್ನಿಗೆ ಕೇಳಿಸ್ಬೇಕು."

ಬಸ್ಸಿನಲ್ಲಿ ಕ್ಯಾಸೆಟ್ ಮಡಿಲಲ್ಲಿತ್ತು. ಎದುರಿಂದ ಲಾರಿ ಬಂದಾಗಲೆಲ್ಲ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಮನೆಗೆ ಹಿಂತಿರುಗಿದಾಗ ಬಾಗಿಲಲ್ಲಿ ಜನ ನಿಂತಿದ್ದರೆ ಎಂಬುದೊಂದೇ ತಲೆಯಲ್ಲಿತ್ತು.

ರಾಜಗೋಪಾಲ್ ನನ್ನನ್ನು ಕಂಡು ಎದ್ದು ನಿಂತರು. "ನೀನ್ಯಾಕಮ್ಮಾ ಬಂದೆ? ಇದೇನು ದೊಡ್ಡ ಸಾಮಾನಾ. ಉಕ್ಕಾರು, ಉಕ್ಕಾರು," ಎಂದು ಕೂರಲು ಸ್ಟೂಲ್ ಎಳೆದರು. ಕ್ಯಾಸೆಟ್ ಕೈಗೆ ಬಂದೊಡನೆ ಗೇಮ್ ಪೆಟ್ಟಿಗೆಗೆ ಹಾಕಿ ನೋಡುವುದು ಅವರ ಅಭ್ಯಾಸ. ಹಾಕಿದ ಮೇಲೆ ಸಂಕೋಚಪಟ್ಟರು. ಅಷ್ಟರಲ್ಲಿ ಗೆದ್ದವರ ಹೆಸರು, ಸಮಯಗಳ ಪಟ್ಟಿ ತೆರೆಯ ಮೇಲಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಮೊದಲು ಮುನಿ, ಅದರ ಕೆಳಗೆ ಮೇನು. ಮಿಕ್ಕ ಸಾಲುಗಳು ಖಾಲಿ.

"ಎರಡನೆಯ ಹೆಸರು ಅಳಿಸಿ."

"ಒಂದನ್ನೇ ಅಳಿಸಾಕೆ ಆಗಲ್ಲಮ್ಮಾ. ಅಳಿಸಿದ್ರೆ ಎಲ್ಲಾ ಓಯ್ತದೆ. ಅವಂದೂನೂ." ಮೊದಲ ಸಾಲನ್ನು ಬೆರಳಿಟ್ಟು ತೋರಿಸಿದರು: "ಈ ಟೈಮು ನಮ್ಮ ಅಂಗ್ಡೀಲಿ ಒಬ್ಬನೂ ಮಾಡಿಲ್ಲ. ಇರ್ಲಿ ಬಿಡು. ಅವನ ಗ್ಯಾಪಕ."

ಒಂದು ನಿಮಿಷ ಇಪ್ಪತ್ತೆಂಟು ಸೆಕೆಂಡು. ನನ್ನ ಗಂಡನ ಹೆಬ್ಬೆರಳುಗಳು ಮಾಡಿದ್ದು. ಜ್ವರ ತನ್ನ ಪಾಡಿಗೆ ಏರುತ್ತದೆ, ಇಳಿಯುತ್ತದೆ. ಪ್ಲಾಸ್ಟಿಕ್ ಡಬ್ಬದೊಳಗಿನ ಪಟ್ಟಿಗೆ ನಮ್ಮ ಮನೆಯ ದಾರಿ ತಿಳಿಯದು. ಇದೆಲ್ಲ ನನಗೆ ಗೊತ್ತಿತ್ತು.

"ಹೇಗೆ ಅಳಿಸುವುದು?"

ಅವರು ಎರಡು ಗುಂಡಿ ತೋರಿಸಿದರು. ಒಟ್ಟಿಗೆ ಒತ್ತಿದೆ. ತೆರೆ ಜಪಾನಿಯಲ್ಲಿ ಏನೋ ಕೇಳಿತು. "ಮೇಲಿಂದು ಹೌದು, ಕೆಳಗಿಂದು ಬೇಡ," ಎಂದು ಅವರು ಮುಖ ತಿರುಗಿಸಿಕೊಂಡರು.

ಮೇಲಿನದನ್ನು ಒತ್ತಿದೆ. ಸಾಲುಗಳೆಲ್ಲ ಖಾಲಿಯಾದವು.

ಕ್ಯಾಸೆಟ್ಟನ್ನು ನಾನೇ ಹೊರಗೆಳೆದೆ. ಅದು ಬೆಚ್ಚಗಿತ್ತು. ಗಂಡನ ಹೆಸರನ್ನು ಇದುವರೆಗೆ ಯಾರ ಎದುರೂ ಬಾಯಿಬಿಟ್ಟು ಹೇಳಿದವಳಲ್ಲ.

"ಮುನಿರಾಜ್ ತಂದದ್ದು. ವಾಪಸ್ ಕೊಟ್ಟಿದ್ದೇವೆ."

ರಾಜಗೋಪಾಲ್ ಎರಡೂ ಕೈ ಚಾಚಿ ತೆಗೆದುಕೊಂಡರು. ತಲೆಯ ಮೇಲೆ ಫ್ಯಾನ್ ಗಡಗಡ ಸದ್ದು ಮಾಡುತ್ತಿತ್ತು. ನಾನು ಇನ್ನೊಂದು ಸಲ, ಜೋರಾಗಿ ಹೇಳಿದೆ.